ಎರಡು ನಾಳ, ಒಂದು ಗರ್ಭಕೋಶ: ಮಾಡೆಲ್ ಎಲ್ಲಿಯವರೆಗೆ ಬಂತು

ಜೂನ್

ಮಂಡ್ಯದ ನಮ್ಮ ಪಿಯು ಕಾಲೇಜಿನ ಲ್ಯಾಬಿಗೆ ಅಂತ ಶುರು ಮಾಡಿದ ಮಾಡೆಲ್ ಇದು. ಗರ್ಭಕೋಶದ ಚಾರ್ಟ್ ಎಲ್ಲಾ ಕಡೆ ಸಿಗುತ್ತದೆ. ಆದರೆ ಗರ್ಭಕೋಶ ಹೇಗೆ ರೂಪುಗೊಳ್ಳುತ್ತದೆ, ಅದಕ್ಕೂ ಅಂಡಾಶಯದ ಕ್ಯಾನ್ಸರಿಗೂ ಏನು ನಂಟು? ಅದನ್ನು ಮಕ್ಕಳು ಕೈಯಿಂದ ಮುಟ್ಟಿ ನೋಡಬೇಕು ಅನ್ನುವುದು ನನ್ನ ಆಸೆ.

ಮೊದಲ ಹಂತ ಮುಗಿದಿದೆ. ಜೇಡಿಮಣ್ಣಿನಲ್ಲಿ ಎರಡು ಜೋಡಿ ನಾಳ. ಭ್ರೂಣ ಗಂಡಾಗಲಿ ಹೆಣ್ಣಾಗಲಿ, ಶುರುವಿನಲ್ಲಿ ಎರಡು ಜೋಡಿಯೂ ಇರುತ್ತವೆ. ಒಂದು ವೂಲ್ಫಿಯನ್, ಇನ್ನೊಂದು ಮ್ಯುಲೇರಿಯನ್. ಈ ಎರಡನೆಯದಕ್ಕೆ 1830ರಲ್ಲಿ ಅದನ್ನು ವಿವರಿಸಿದ ಜರ್ಮನಿಯ ಯೋಹಾನ್ನೆಸ್ ಮ್ಯುಲರ್ ಹೆಸರು. ಗಂಡು ಭ್ರೂಣದ ವೃಷಣ ಒಂದು ಹಾರ್ಮೋನ್ ಬಿಡುತ್ತದೆ, ಮ್ಯುಲೇರಿಯನ್ ನಾಳ ಕರಗಿ ಹೋಗುತ್ತದೆ. ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್ 1940ರ ದಶಕದಲ್ಲಿ ಮೊಲದ ಭ್ರೂಣಗಳಲ್ಲಿ ಪ್ರಯೋಗ ಮಾಡಿ, ವೃಷಣದಿಂದಲೇ ಹೀಗಾಗುತ್ತದೆ ಅಂತ ತೋರಿಸಿದರು. ಹೆಣ್ಣಿನಲ್ಲಿ ಆ ನಾಳ ಉಳಿಯುತ್ತದೆ. ಮೇಲಿನ ಭಾಗ ಎರಡು ಅಂಡನಾಳ, ಕೆಳಗಿನ ಭಾಗ ಕೂಡಿಕೊಂಡು ಗರ್ಭಕೋಶ. ಕೂಡುವುದು ಅರ್ಧಕ್ಕೆ ನಿಂತರೆ ಎರಡು ಕೊಂಬಿನ ಗರ್ಭಕೋಶವಾಗುತ್ತದೆ.

ಆ ಕೂಡುವ ಜಾಗದಲ್ಲೇ ಮಣ್ಣು ಒಣಗಿ ಬಿರುಕು ಬಿಡುತ್ತಿತ್ತು. ಹತ್ತಿ ಬೆರೆಸಿ ಕಲಸಿದ ಮೇಲೆ ನಿಂತಿತು.

ಜುಲೈ

ಮಕ್ಕಳಿಗೆ ನಿಜವಾದ ಅಂಡನಾಳವನ್ನೂ ತೋರಿಸಬೇಕಿತ್ತು. ಪೇಟೆ ಬೀದಿ ಹತ್ತಿರದ ಕೋಳಿ ಅಂಗಡಿಯವರನ್ನು ಕೇಳಿದೆ. "ಬಾಯ್ಲರ್ ಕೋಳಿಲಿ ಅದೆಲ್ಲಾ ಎಲ್ಲಿ ಬೆಳ್ದಿರ್ತದೆ ಮೇಡಂ? ಮೊಟ್ಟೆ ಕೋಳಿ ಬರ್ಲಿ, ತೆಗ್ದಿಡ್ತೀನಿ" ಅಂದರು. ಹೇಳಿದ ಹಾಗೇ ತೆಗೆದಿಟ್ಟು ಕೊಟ್ಟರು.

ಕೋಳಿಯಲ್ಲಿ ಎಡಗಡೆಯ ಅಂಡಾಶಯ, ಎಡಗಡೆಯ ನಾಳ ಮಾತ್ರ ಬೆಳೆಯುತ್ತವೆ. ಬಲಗಡೆಯ ನಾಳ ಮರಿ ಮೊಟ್ಟೆಯೊಳಗೆ ಇರುವಾಗಲೇ ಕುಗ್ಗಿಬಿಡುತ್ತದೆ. ಜೋಸ್ಟ್ ಹುಡುಕಿದ ಅದೇ ಬಗೆಯ ಹಾರ್ಮೋನಿನ ಕೆಲಸ ಅದು. ಎಡಗಡೆಯದನ್ನು ಈಸ್ಟ್ರೋಜನ್ ಕಾಪಾಡುತ್ತದೆ. ಇನ್ನೊಂದು ವಿಷಯ ನನ್ನನ್ನು ತುಂಬಾ ಹಿಡಿದು ನಿಲ್ಲಿಸಿತು. ವಯಸ್ಸಾದ ಮೊಟ್ಟೆ ಕೋಳಿಗಳಿಗೆ ಅಂಡಾಶಯದ ಕ್ಯಾನ್ಸರ್ ತಾನಾಗಿಯೇ ಬರುತ್ತದೆ. ಅದಕ್ಕೇ ಸಂಶೋಧಕರು ಈ ರೋಗವನ್ನು ಕೋಳಿಯಲ್ಲಿ ಅಧ್ಯಯನ ಮಾಡುತ್ತಾರೆ.

ಆಗಸ್ಟ್

ಈ ತಿಂಗಳ ಕೆಲಸವೇ ಮಾಡೆಲ್‌ನ ಜೀವ. ನಾಳದ ಯಾವ ಭಾಗ ಏನಾಗಬೇಕು ಅಂತ ಭ್ರೂಣದಲ್ಲಿ ಗೊತ್ತು ಮಾಡುವುದು ಹಾಕ್ಸ್ ಜೀನ್‌ಗಳು. ಅವುಗಳಲ್ಲಿ ಎ9 ಅನ್ನುವ ಜೀನ್ ಅಂಡನಾಳಕ್ಕೆ, ಎ10 ಗರ್ಭಕೋಶಕ್ಕೆ, ಎ11 ಗರ್ಭಕೋಶದ ಕೆಳಭಾಗ ಮತ್ತು ಗರ್ಭಕಂಠಕ್ಕೆ, ಎ13 ಯೋನಿಯ ಮೇಲ್ಭಾಗಕ್ಕೆ. ಕೆಂಪು, ಹಳದಿ, ಹಸಿರು, ನೀಲಿ ಬಳಿದೆ. ಅಂಡಾಶಯಕ್ಕೆ ಬಣ್ಣ ಹಾಕಲಿಲ್ಲ. ಅದು ಈ ನಾಳದಿಂದ ಆದದ್ದಲ್ಲ, ಅದರ ಹೊರಪದರದಲ್ಲಿ ಸಾಮಾನ್ಯವಾಗಿ ಈ ಜೀನ್‌ಗಳು ಕೆಲಸ ಮಾಡುವುದೂ ಇಲ್ಲ.

ಹಾಗಿದ್ದೂ ಅಂಡಾಶಯದ ಕ್ಯಾನ್ಸರಿನ ಒಂದು ಬಗೆ, ಸೀರಸ್, ಅಂಡನಾಳದ ಒಳಪದರದ ಹಾಗೆ ಕಾಣುತ್ತದೆ. ಎಂಡೋಮೆಟ್ರಿಯಾಯ್ಡ್ ಗರ್ಭಕೋಶದ ಒಳಪದರದ ಹಾಗೆ. ಮ್ಯೂಸಿನಸ್ ಗರ್ಭಕಂಠದ ಲೋಳೆ ಪದರದ ಹಾಗೆ. ಈ ರೂಪ ಎಲ್ಲಿಂದ ಬಂತು? ಹೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಸೆಂಟರಿನ ಹೊನಾಮಿ ನಾವೊರಾ ಮತ್ತು ಅವರ ತಂಡ 2005ರಲ್ಲಿ ಇದಕ್ಕೊಂದು ಉತ್ತರ ಕೊಟ್ಟಿತು. ಇಲಿಯ ಅಂಡಾಶಯದ ಹೊರಪದರದಿಂದ ಬಂದ, ಗಡ್ಡೆ ಕಟ್ಟುವ ಆದರೆ ಗೊತ್ತಾದ ರೂಪವಿಲ್ಲದ ಜೀವಕೋಶಗಳನ್ನು ತೆಗೆದುಕೊಂಡರು. ಎ9 ಜೀನ್ ಕೊಟ್ಟಾಗ ಸೀರಸ್ ಹೋಲುವ ಗಡ್ಡೆ ಬಂತು. ಎ10ಕ್ಕೆ ಎಂಡೋಮೆಟ್ರಿಯಾಯ್ಡ್, ಎ11ಕ್ಕೆ ಮ್ಯೂಸಿನಸ್. ಭ್ರೂಣದ ಕಾಲದ ಸೂಚನೆಯನ್ನೇ ಕ್ಯಾನ್ಸರ್ ಮತ್ತೆ ಓದುತ್ತಿದೆ. ಇದನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಮಾಡೆಲ್‌ನಲ್ಲಿ ಇದಕ್ಕೆ ಅಂತ ಕೆಂಪು, ಹಳದಿ, ಹಸಿರು ಗಡ್ಡೆ ಮಾಡಿ, ಹಿಂದೆ ಆಯಸ್ಕಾಂತ ಅಂಟಿಸಿದ್ದೇನೆ. ಬಣ್ಣವಿಲ್ಲದ ಅಂಡಾಶಯಕ್ಕೆ ಅಂಟಿಸಿ, ಅದೇ ಬಣ್ಣ ನಾಳದಲ್ಲಿ ಎಲ್ಲಿದೆ ಅಂತ ಮಕ್ಕಳೇ ಹುಡುಕಬೇಕು.

ಹಾಗೆ ಹುಡುಕುವಾಗ ಒಬ್ಬ ಹುಡುಗಿ ಕೇಳಿದಳು: "ಮೇಡಂ, ಕೆಂಪು ಗಡ್ಡೆ ನಾಳದಿಂದಲೇ ಬಂದಿರಬಹುದು ಅಲ್ವಾ?" ಸರಿಯಾದ ಪ್ರಶ್ನೆ! 2001ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು, ಮನೆತನದಲ್ಲಿ ಈ ರೋಗದ ಅಪಾಯ ಇದ್ದ ಹೆಂಗಸರ ಅಂಡನಾಳದಲ್ಲೇ ಕ್ಯಾನ್ಸರಿಗೆ ಮುಂಚಿನ ಬದಲಾವಣೆ ಕಂಡರು. ಜೋರಾಗಿ ಹರಡುವ ಸೀರಸ್ ಬಗೆಯಲ್ಲಿ ಹೆಚ್ಚಿನವು ನಾಳದ ತುದಿಯ ಕುಚ್ಚಿನಲ್ಲೇ ಹುಟ್ಟುತ್ತವೆ ಅಂತ ಈಗ ಬಹಳ ಜನ ಒಪ್ಪುತ್ತಾರೆ. ಆ ಕುಚ್ಚನ್ನು ಸೀರೆ ಕುಚ್ಚು ಕಟ್ಟುವ ರೇಷ್ಮೆ ದಾರದಲ್ಲೇ ಮಾಡಿದೆ.

ಬಾಕಿ

ಗರ್ಭಕಂಠ. ಅಲ್ಲಿ ಎರಡು ಬಗೆಯ ಪದರ ಸೇರುವ ಗೆರೆ ಇದೆ. ಎಚ್‌ಪಿವಿ ವೈರಸ್‌ನಿಂದ ಕ್ಯಾನ್ಸರ್ ಶುರುವಾಗುವುದು ಜಾಸ್ತಿ ಆ ಗೆರೆಯ ಸುತ್ತಲೇ, ಆ ಕ್ಯಾನ್ಸರಿನ ಸುಳಿವನ್ನು ಮೊದಲೇ ಹಿಡಿಯುವ ಪ್ಯಾಪ್ ಪರೀಕ್ಷೆಗೆ ಜೀವಕೋಶ ತೆಗೆಯುವುದೂ ಅಲ್ಲಿಂದಲೇ. ಆ ಭಾಗ ಬಿಚ್ಚಿ ನೋಡುವಂತೆ ಇರಬೇಕು. ದಸರಾ ರಜೆಯಲ್ಲಿ ಅದಕ್ಕೆ ಕೂರುತ್ತೇನೆ.