ಜಿಮ್ನಿಯ ಮುಂದಿನ ಆರ್ಮ್ ಮತ್ತು ಬುಷ್: ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ

ಭಾನುವಾರ, 16 ನವೆಂಬರ್ 2025, ಹುಬ್ಬಳ್ಳಿ

ಗೋಕುಲ ರಸ್ತೆಯ ಗ್ಯಾರೇಜಿನಲ್ಲಿ ಇಂದು ನನ್ನ ಮಾರುತಿ ಸುಜುಕಿ ಜಿಮ್ನಿಯ ಮುಂದಿನ ಎರಡೂ ಆರ್ಮ್‌ಗಳನ್ನು (ಆಕ್ಸಲನ್ನು ಗಾಡಿಯ ಚೌಕಟ್ಟಾದ ಚಾಸಿಗೆ ಕಟ್ಟುವ ತೋಳುಗಳು) ಅವುಗಳ ಕೀಲಿನಲ್ಲಿ ಕೂರುವ ಬುಷ್ ಸಮೇತ ಬದಲಾಯಿಸಿ, ಆಕ್ಸಲನ್ನು ಅಡ್ಡಲಾಗಿ ಹಿಡಿಯುವ, ಉದ್ದ ಹೊಂದಿಸಬಹುದಾದ ಹೊಸ ಪ್ಯಾನ್‌ಹಾರ್ಡ್ ರಾಡ್ ಕೂರಿಸಿದೆವು. ಗಾಡಿಯನ್ನು 40 ಮಿ.ಮೀ. ಎತ್ತರಿಸುವ ಸ್ಪ್ರಿಂಗ್ ಹಾಕಿಸಿದಂದಿನಿಂದ ಗದಗ ರಸ್ತೆಯಲ್ಲಿ 80ರ ವೇಗ ದಾಟಿದರೆ ಸ್ಟೇರಿಂಗ್ ಹಗುರವಾಗಿ ಗಾಡಿ ಅತ್ತಿತ್ತ ಎಳೆಯುತ್ತಿತ್ತು. ತಿರುವು ಮುಗಿದ ಮೇಲೂ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ.

ಕಾರಣ ಆ ಗಾಡಿಯ ರಚನೆಯಲ್ಲಿಯೇ ಇದೆ. ಜಿಮ್ನಿಗೆ ಮುಂದೆಯೂ ಹಿಂದೆಯೂ ಎರಡು ಬದಿಯ ಚಕ್ರಗಳನ್ನು ಸೇರಿಸುವ ಇಡಿಯಾದ ಆಕ್ಸಲ್ ಇರುತ್ತದೆ. ಮುಂದಿನ ಆರ್ಮ್‌ನ ಹಿಂತುದಿ ಒಂದು ಬೋಲ್ಟಿನಲ್ಲಿ ಚಾಸಿಗೆ ಸೇರಿದರೆ, ಮುಂತುದಿ ಎರಡು ಬೋಲ್ಟುಗಳಲ್ಲಿ ಆಕ್ಸಲ್‌ಗೆ ಸೇರುತ್ತದೆ. ಸ್ಪ್ರಿಂಗ್ ಎತ್ತರವಾದಾಗ ಚಾಸಿಯ ಜೊತೆಗೆ ಆರ್ಮ್‌ನ ಹಿಂತುದಿ ಮೇಲೇರುತ್ತದೆ, ಎರಡು ಬೋಲ್ಟಿನಲ್ಲಿ ಸಿಕ್ಕಿಕೊಂಡಿರುವ ಆಕ್ಸಲ್ ಅದರೊಂದಿಗೇ ಮುಂದಕ್ಕೆ ಹೊರಳುತ್ತದೆ, ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಅಕ್ಷ ಹಿಂದಕ್ಕೆ ಓರೆಯಾಗಿರುವ ಕೋನ, ಅಂದರೆ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ಚಕ್ರವನ್ನು ನೇರಕ್ಕೆ ಮರಳಿಸುವುದು ಈ ಕೋನವೇ. ಅಲೈನ್‌ಮೆಂಟ್ ಯಂತ್ರದಲ್ಲಿ ಇದನ್ನು ನೋಡಬಹುದೇ ಹೊರತು ತಿದ್ದಲಾಗದು, ಏಕೆಂದರೆ ಈ ಆಕ್ಸಲ್‌ನಲ್ಲಿ ಹೊಂದಿಸಲು ಬಿಟ್ಟಿರುವುದು ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಒಂದನ್ನೇ.

ಪೇಟೆಯಲ್ಲಿ ಇದಕ್ಕೆ ಎರಡು ದಾರಿಗಳಿವೆ. ರಂಧ್ರ ನಡುವಿಗಿರದೆ ಬದಿಗೆ ಸರಿದಿರುವ ಪಾಲಿಯುರಿಥೇನ್ ಬುಷ್‌ಗಳನ್ನು ಹಳೆಯ ಆರ್ಮ್‌ನಲ್ಲಿಯೇ, ಒಂದರ ರಂಧ್ರ ಮೇಲಕ್ಕೂ ಮತ್ತೊಂದರದು ಕೆಳಕ್ಕೂ ಬರುವಂತೆ ಕೂರಿಸಿ ಆಕ್ಸಲನ್ನು ಹಿಂದಕ್ಕೆ ಹೊರಳಿಸುವುದು ಒಂದು. ಬುಷ್ ಕೂರುವ ಮನೆಗಳನ್ನೇ ಸರಿಸಿ ಬೆಸೆದಿರುವ, ಕಂಪನಿ ಅಳತೆಯ ರಬ್ಬರ್ ಬುಷ್ ಹಿಡಿಸುವ ಹೊಸ ಆರ್ಮ್ ಹಾಕುವುದು ಇನ್ನೊಂದು. ಮೊದಲನೆಯದು ಅಗ್ಗ, ನಮ್ಮ ಕಡೆಯ ಹೆಚ್ಚಿನವರು ಆರಿಸಿಕೊಳ್ಳುವುದೂ ಅದನ್ನೇ. ನಾನು ಎರಡನೆಯದನ್ನು ಆರಿಸಿಕೊಂಡೆ. ನನ್ನ ಲೆಕ್ಕದಲ್ಲಿ ಇಲ್ಲಿ ಉಳಿಸುವ ಹಣ ಕಚ್ಚಾ ದಾರಿಯಲ್ಲಿ ಕೈಬಿಡುತ್ತದೆ.

ಗಾಡಿ ಜಾಡಿನಲ್ಲಿ ಎಡಚಕ್ರ ಮೇಲೇರಿ ಬಲಚಕ್ರ ಕೆಳಗಿಳಿದಾಗ ಎರಡು ಆರ್ಮ್‌ಗಳು ಬೇರೆ ಬೇರೆ ಕೋನಕ್ಕೆ ಹೋಗುತ್ತವೆ. ಎರಡೂ ಎರಡೆರಡು ಬೋಲ್ಟುಗಳಲ್ಲಿ ಕಟ್ಟಿಕೊಂಡಿರುವುದರಿಂದ ಆಕ್ಸಲನ್ನು ತಿರುಚಲು ನೋಡುತ್ತವೆ. ಆಕ್ಸಲ್ ತಿರುಚಿಕೊಳ್ಳುವ ವಸ್ತುವಲ್ಲವಾದ್ದರಿಂದ ಆ ವ್ಯತ್ಯಾಸವನ್ನು ನುಂಗಬೇಕಾದದ್ದು ಬುಷ್‌ನ ರಬ್ಬರ್. ಅಲ್ಲಿ ಗಟ್ಟಿ ಪಾಲಿ ಬುಷ್ ಇದ್ದರೆ ಚಕ್ರ ಬೇಗ ನೆಲ ಬಿಡುತ್ತದೆ, ಹೊರೆಯೆಲ್ಲ ಬ್ರಾಕೆಟ್‌ನ ಬೆಸುಗೆಯ ಮೇಲೆ ಬೀಳುತ್ತದೆ. ಮಿಸ್ತ್ರಿಯವರು ಇದನ್ನೇ, ಪಾಲಿ ಬುಷ್‌ಗೆ ಹಳದಿ ಬುಷ್ ಎನ್ನುತ್ತ, ತಮ್ಮ ಮಾತಿನಲ್ಲಿ ಹೇಳಿದರು: “ಹಳದಿ ಬುಷ್ ಹಾಕಿದ್ರ ಗಾಡಿ ಗಟ್ಟಿ ಆಕ್ಕೈತಿ ಅಂತಾರ್ರೀ ಎಲ್ಲಾರೂ. ಗಟ್ಟಿ ಆದಿಂದ ಬಾಗೂದು ಹ್ಯಾಂಗ್ರೀ?” ಪ್ಯಾನ್‌ಹಾರ್ಡ್ ರಾಡ್‌ನ ವಿಷಯ ಹಾಗಲ್ಲ. ಆಕ್ಸಲ್ ಅಡ್ಡಡ್ಡ ಸರಿಯದಂತೆ ಹಿಡಿಯುವುದಷ್ಟೇ ಅದರ ಕೆಲಸವಾದ್ದರಿಂದ ಅದರ ಎರಡು ತುದಿಗಳಿಗೆ ಪಾಲಿ ಬುಷ್ ಹಾಕಿದೆವು; ಅಲ್ಲಿ ಬುಷ್ ಸವೆದು ಆಟ ಬಂದರೆ ಸ್ಟೇರಿಂಗ್ ನಡುಗುವುದು ಜಿಮ್ನಿ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಕಾಯಿಲೆ.

ಹಳೆಯ ರಾಡಿನ ಬುಷ್ ತೆಗೆಯುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಆ ರಾಡನ್ನು ಬಿಡಿಭಾಗವಾಗಿ ಇಟ್ಟುಕೊಳ್ಳುವ ಉದ್ದೇಶವಿತ್ತು. ಹೈಡ್ರಾಲಿಕ್ ಪ್ರೆಸ್‌ಗೆ ಕೊಟ್ಟಾಗ ರಬ್ಬರ್ ಮಾತ್ರ ಹೊರಬಂದು ಹೊರಗಿನ ಕಬ್ಬಿಣದ ಕವಚ ಅಲ್ಲೇ ಕಚ್ಚಿಕೊಂಡಿತು. ಹ್ಯಾಕ್ಸಾ ಬ್ಲೇಡನ್ನು ಒಳಗಿನಿಂದ ತೂರಿಸಿ, ರಾಡಿನ ಮನೆಗೆ ತಾಗದಂತೆ ಕವಚವನ್ನು ಉದ್ದಕ್ಕೆ ಸೀಳಿ, ಚಾಣದಿಂದ ಒಳಕ್ಕೆ ಮಡಚಿದ ಮೇಲೆ ಕೈಯಲ್ಲೇ ಬಂತು. ಗ್ಯಾಸ್ ಹಚ್ಚಿ ರಬ್ಬರ್ ಸುಡುವ ರೂಢಿಯೂ ಇದೆ, ಆದರೆ ಆ ಹೊಗೆಯಲ್ಲಿ ನಿಲ್ಲುವ ಬಯಕೆ ನಮಗಾರಿಗೂ ಇರಲಿಲ್ಲ.

ಆರ್ಮ್‌ಗಳನ್ನು ಒಂದೊಂದೇ ಬದಿಯಿಂದ ಬಿಚ್ಚಿದೆವು. ಎರಡೂ ಒಟ್ಟಿಗೆ ಬಿಚ್ಚಿದರೆ ಆಕ್ಸಲ್ ಹೊರಳಿ ಬ್ರೇಕ್ ಹೋಸ್ ಮತ್ತು ಎಬಿಎಸ್ ತಂತಿ ಜಗ್ಗಿಕೊಳ್ಳುತ್ತವೆ. ಹೊಸ ಆರ್ಮ್‌ನ ಕೋನವೇ ಬೇರೆಯಾದ್ದರಿಂದ ಎರಡನೆಯ ಬದಿಯ ಕೊನೆಯ ಬೋಲ್ಟ್ ಸುಲಭಕ್ಕೆ ಕೂಡಲಿಲ್ಲ. ಆಕ್ಸಲ್‌ನ ಗೇರ್ ಮನೆಯಾದ ಡಿಫರೆನ್ಷಿಯಲ್ ಕೆಳಗೆ ಸಣ್ಣ ಜ್ಯಾಕ್ ಕೊಟ್ಟು ಆಕ್ಸಲನ್ನು ಹೊರಳಿಸುತ್ತ, ರ‍್ಯಾಚೆಟ್ ಪಟ್ಟಿಯಿಂದ ಮುಂದಕ್ಕೆ ಎಳೆಯುತ್ತ ರಂಧ್ರಗಳನ್ನು ಎದುರಾಬದುರು ತಂದೆವು.

ಇಷ್ಟಾದ ಮೇಲೂ ಬೋಲ್ಟುಗಳನ್ನು ಪೂರ್ತಿ ಬಿಗಿಮಾಡಲಿಲ್ಲ. ರಬ್ಬರ್ ಬುಷ್‌ನ ಒಳಗಿನ ಸ್ಲೀವ್ (ಬೋಲ್ಟ್ ತೂರುವ ಕೊಳವೆ) ಮತ್ತು ಹೊರಗಿನ ಕವಚ ಎರಡಕ್ಕೂ ರಬ್ಬರ್ ಅಂಟಿಕೊಂಡೇ ಇರುತ್ತದೆ. ಆಕ್ಸಲ್ ಜೋತಾಡುತ್ತಿರುವಾಗ ಬೋಲ್ಟ್ ಬಿಗಿದರೆ ಸ್ಲೀವ್ ಆ ಸ್ಥಿತಿಯಲ್ಲೇ ಬಂಧಿಯಾಗುತ್ತದೆ, ಗಾಡಿ ನೆಲಕ್ಕಿಳಿದ ಕೂಡಲೇ ರಬ್ಬರ್ ತಿರುಚಿಕೊಂಡು ನಿಂತಲ್ಲೇ ದಣಿಯುತ್ತದೆ, ಕೆಲವು ತಿಂಗಳಲ್ಲೇ ಹರಿಯುತ್ತದೆ. ಆದ್ದರಿಂದ ಚಕ್ರ ಹಾಕಿ, ಗಾಡಿಯನ್ನು ನೆಲಕ್ಕಿಳಿಸಿ, ಮುಂಭಾಗವನ್ನು ಕೈಯಿಂದ ಒತ್ತಿ ಕುಲುಕಿ, ಸ್ಪ್ರಿಂಗ್ ತನ್ನ ಸಹಜ ಎತ್ತರಕ್ಕೆ ಕೂತ ಮೇಲೆ ಅಡಿಗೆ ಮಲಗಿ ಟಾರ್ಕ್ ರೆಂಚಿನಿಂದ ಬಿಗಿಮಾಡಿದೆವು. ಪಾಲಿ ಬುಷ್ ಸ್ಲೀವ್‌ನ ಸುತ್ತ ಸ್ವತಂತ್ರವಾಗಿ ಹೊರಳುವುದರಿಂದ ಅದಕ್ಕೆ ಈ ಕಟ್ಟುಪಾಡಿಲ್ಲ. ಅದು ಕೇಳುವುದು ಸಿಲಿಕೋನ್ ಗ್ರೀಸ್. ನವಲಗುಂದದ ಎರೆ ಮಣ್ಣಿನ ನುಣುಪು ಧೂಳು ಎಲ್ಲ ಸಂದಿಗೂ ಇಳಿಯುವಂಥದ್ದಾದ್ದರಿಂದ ಪ್ರತಿ ಮಳೆಗಾಲ ಮುಗಿದ ಮೇಲೆ ಬಿಚ್ಚಿ ಮತ್ತೆ ಗ್ರೀಸ್ ಹಚ್ಚಬೇಕು.

ಪ್ಯಾನ್‌ಹಾರ್ಡ್ ರಾಡ್ ಹೊಂದಿಸಲು ಗೌಂಡಿಯವರ ತೂಗುಗುಂಡು ಸಾಕಾಯಿತು. ಎರಡೂ ಬದಿಯ ಫೆಂಡರ್‌ನಿಂದ ದಾರ ಇಳಿಬಿಟ್ಟು ರಿಮ್‌ವರೆಗಿನ ಅಂತರ ಅಳೆದಾಗ 12 ಮಿ.ಮೀ. ವ್ಯತ್ಯಾಸ ಕಂಡಿತು, ಅಂದರೆ ಆಕ್ಸಲ್ 6 ಮಿ.ಮೀ. ಪಕ್ಕಕ್ಕೆ ಸರಿದಿತ್ತು. ರಾಡ್‌ನ ತಿರುಪಿನ ಪಿಚ್ 1.5 ಮಿ.ಮೀ. ಆದ್ದರಿಂದ ತುದಿಯನ್ನು ನಾಲ್ಕು ಸುತ್ತು ತಿರುಗಿಸಿ ಲಾಕ್ ನಟ್ ಬಿಗಿದರೆ ಅಲ್ಲಿಗೆ ಸರಿಹೋಯಿತು. ಆಕ್ಸಲ್ ಸರಿದ ಮೇಲೆ ಸ್ಟೇರಿಂಗ್ ಚಕ್ರ ಸ್ವಲ್ಪ ಓರೆಯಾಗಿ ನಿಂತಿತು. ಸ್ಟೇರಿಂಗ್‌ನ ಚಲನೆಯನ್ನು ಚಕ್ರಗಳಿಗೆ ಒಯ್ಯುವ ಸರಳಾದ ಡ್ರ್ಯಾಗ್ ಲಿಂಕ್ ಹೊಂದಿಸಿ ಅದನ್ನು ನೇರಕ್ಕೆ ತಂದೆವು. ಇಎಸ್‌ಪಿ (ಗಾಡಿ ಹಿಡಿತ ತಪ್ಪಿದಾಗ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಇದನ್ನು ನಾಳೆಗೆ ಬಿಡುವಂತಿಲ್ಲ, ಸ್ಟೇರಿಂಗ್‌ನ ಕೋನ ನೋಡಿಯೇ ಅದು ಬ್ರೇಕ್ ಹಿಡಿಯುತ್ತದೆ.

ಸಂಜೆ ಅಣ್ಣಿಗೇರಿಯ ಕಡೆಗೆ ಹೊರಟೆವು. ಹೆದ್ದಾರಿಯಲ್ಲಿ ಗಾಡಿ ಗೆರೆ ಹಿಡಿದಂತೆ ಓಡಿತು, ತಿರುವಿನ ನಂತರ ಸ್ಟೇರಿಂಗ್ ತಾನೇ ಮರಳಿತು. ಹೊಲದ ದಾರಿಗೆ ಇಳಿದಾಗ, ಮಳೆಗಾಲದಲ್ಲಿ ಟ್ರ್ಯಾಕ್ಟರ್ ಹೂತು ಬಿದ್ದ ಜಾಡುಗಳು ಒಣಗಿ ಕಲ್ಲಾಗಿದ್ದವು. ಎಡಚಕ್ರ ದಿಬ್ಬದ ಮೇಲಿದ್ದಾಗಲೂ ಬಲಚಕ್ರ ತಗ್ಗಿನ ತಳ ಮುಟ್ಟಿಯೇ ಇತ್ತು. ರಬ್ಬರ್ ಬುಷ್‌ಗೆ ಕೊಟ್ಟ ಹಣದ ಬಗ್ಗೆ ನನಗೆ ಇನ್ನು ತಕರಾರಿಲ್ಲ.

ಒಂದು ಬಾಕಿ ಉಳಿದಿದೆ. ಕ್ಯಾಸ್ಟರ್ ತಿದ್ದಲು ಆಕ್ಸಲನ್ನು ಹಿಂದಕ್ಕೆ ಹೊರಳಿಸಿದಾಗ ಡಿಫರೆನ್ಷಿಯಲ್‌ನ ಮೂತಿ ಕೆಳಗಿಳಿದು ಅದಕ್ಕೆ ಎಂಜಿನ್ ಬಲ ತರುವ ಮುಂದಿನ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಹೆಚ್ಚಾಗುತ್ತದೆ. ಹಿಂದಿನ ಎರಡು ಚಕ್ರಗಳಿಗಷ್ಟೇ ಬಲ ಕೊಡುವ 2ಎಚ್‌ನಲ್ಲಿ ಮುಂದಿನ ಚಕ್ರಗಳ ಹಬ್‌ಗಳು ಬಿಟ್ಟುಕೊಂಡಿರುವುದರಿಂದ ಆ ಶಾಫ್ಟ್ ತಿರುಗುವುದಿಲ್ಲ, ಹೆದ್ದಾರಿಯಲ್ಲಿ ಏನೂ ಕೇಳಿಸಲಿಲ್ಲ; ನಾಲ್ಕೂ ಚಕ್ರಗಳಿಗೆ ಬಲ ಕೊಡುವ 4ಎಚ್ ಹಾಕಿ 60ರ ಆಸುಪಾಸಿಗೆ ಹೋದಾಗ ಮಾತ್ರ ಕಾಲಡಿಯಲ್ಲಿ ಸಣ್ಣ ಗುಂಯ್‌ಗುಟ್ಟುವಿಕೆ ಬಂತು. 4ಎಚ್ ಬೇಕಾಗುವುದು ಅದಕ್ಕಿಂತ ನಿಧಾನದ ನೆಲದಲ್ಲಾದ್ದರಿಂದ ಸದ್ಯಕ್ಕೆ ಹಾಗೆಯೇ ಬಿಟ್ಟಿದ್ದೇನೆ. 500 ಕಿ.ಮೀ. ಆದ ಮೇಲೆ ಬೋಲ್ಟುಗಳ ಮೇಲೆ ಎಳೆದಿರುವ ಬಿಳಿ ಬಣ್ಣದ ಗುರುತು ಸರಿದಿದೆಯೇ ಎಂದು ನೋಡುವಾಗ ಶಾಫ್ಟ್‌ನ ಕ್ರಾಸ್ ಜಾಯಿಂಟನ್ನೂ ಕೈಯಿಂದ ಅಲುಗಾಡಿಸಿ ನೋಡುವುದಾಗಿ ಮಿಸ್ತ್ರಿಯವರು ಹೇಳಿದ್ದಾರೆ.