ಆಯಾ ನಿಲ್ಲದ ಮನೆಯಲ್ಲಿ ಮೊದಲು ಮಂಚ ನೋಡಿ

ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ಆರೈಕೆಗೆ ಜನ ಕಳಿಸುವವರನ್ನು, ರೋಗಿಯನ್ನು ನೋಡಿಕೊಳ್ಳುವ ಆಯಾಗಳು ಯಾಕೆ ಕೆಲಸ ಬಿಡುತ್ತಾರೆ ಅಂತ ಕೇಳಿದರೆ ಉತ್ತರ ಒಂದೇ: “ಪಗಾರ ಸಾಲಲಿಲ್ಲ, ಬಿಟ್ಟರು.” ಬಿಟ್ಟವರೂ ಹಾಗೇ ಹೇಳುತ್ತಾರೆ, ಯಾಕಂದರೆ ಜಗಳ ಹುಟ್ಟಿಸದ ಉತ್ತರ ಅದು. ನೀವೂ ಹಾಗೆ ಜನ ಕಳಿಸುವವರಾಗಿದ್ದು ನಿಜ ಬೇಕಿದ್ದರೆ ಎರಡು ವಾರ ಬಿಟ್ಟು, ಡ್ಯೂಟಿ ಹಾಕುವವರಲ್ಲದ ಬೇರೆ ಯಾರಿಂದಾದರೂ ಫೋನ್ ಮಾಡಿಸಿ. “ಯಾಕ ಬಿಟ್ರಿ” ಅನ್ನಬಾರದು. “ಕಡೀ ವಾರ ಆ ಮನ್ಯಾಗ ಏನೇನು ಕೆಲಸ ಇತ್ತವ್ವಾ?” ಅಂತ ಕೇಳಿಸಿ. ರೋಗಿಯ ತೂಕ, ಡ್ಯೂಟಿಯ ತಾಸು, ಎಷ್ಟು ಬಸ್ ಬದಲಿಸಬೇಕಿತ್ತು, ಸೇರಿ ಎಷ್ಟನೇ ದಿನಕ್ಕೆ ಬಿಟ್ಟರು, ಇಷ್ಟನ್ನು ಬರೆದಿಡಿ. ಶೇಕಡಾ ಲೆಕ್ಕ ಬೇಡ. 20 ಜನರಲ್ಲಿ ಒಬ್ಬರು ಬಿಟ್ಟರೇ ಶೇ. 5 ಆಗುತ್ತದೆ, ಅದರಿಂದ ತಿಳಿಯುವುದೇನೂ ಇಲ್ಲ. ಒಂದೇ ಮನೆಯಿಂದ ಮೂವರು ಹೋಗಿದ್ದರೆ ಆ ಮನೆಗೇ ಹೋಗಬೇಕು.

ಹೋದಾಗ ಕಾಣುವುದು ಹೆಚ್ಚಾಗಿ ಇದು: ಮಂಚ ಗೋಡೆಗೆ ತಾಗಿದೆ, ಎತ್ತರ ಮೊಣಕಾಲಷ್ಟು, ಮೇಲೆ 75 ಕಿಲೋ ತೂಕದ ರೋಗಿ. ಆಯಾ ಒಬ್ಬಳೇ ಕಂಕುಳಿಗೆ ಕೈಹಾಕಿ ಮೇಲಕ್ಕೆಳೆಯುತ್ತಾಳೆ. ಅವಳ ನಡು ಹಿಡಿಯುತ್ತದೆ. ಅದೇ ಎಳೆತಕ್ಕೆ ರೋಗಿಯ ಬೆನ್ನಿನ ಬುಡದ ಚರ್ಮ ಹಾಸಿಗೆಗೆ ಉಜ್ಜಿ ಹುಣ್ಣು ಶುರುವಾಗುತ್ತದೆ. ಅವಳು ಕೆಲಸ ಬಿಡುವುದೂ ರೋಗಿಗೆ ಹುಣ್ಣಾಗುವುದೂ ಒಂದೇ ಕೆಲಸದಿಂದ.

ಮಂಚವನ್ನು ಎರಡೂ ಬದಿ ನಿಲ್ಲುವಂತೆ ಗೋಡೆಯಿಂದ ಸರಿಸಿ. ಬಾಡಿಗೆಗೆ ಸಿಗುವ ಆಸ್ಪತ್ರೆ ಮಂಚವಾದರೆ ಆಯಾಳ ಸೊಂಟದ ಮಟ್ಟಕ್ಕೆ ಏರಿಸಿ. ಹತ್ತಿಯ ಬೆಡ್‌ಶೀಟನ್ನು ಎರಡು ಮಡಿಕೆ ಮಾಡಿ, ಹೆಗಲಿನಿಂದ ತೊಡೆಯ ನಡುವಿನವರೆಗೆ ರೋಗಿಯ ಕೆಳಗೆ ಹಾಸಿ. ಮೇಲಕ್ಕೆ ಸರಿಸಬೇಕಾದಾಗ ತಲೆಯ ಭಾಗ ಪೂರ್ತಿ ಇಳಿಸಿ, ಎರಡೂ ಬದಿಯವರು ಶೀಟನ್ನು ಮೈಗೆ ಹತ್ತಿರ ಸುತ್ತಿ ಹಿಡಿದು ಒಟ್ಟಿಗೆ ಸರಿಸಬೇಕು. ಮಗ್ಗಲು ಬದಲಿಸುವುದು ಒಬ್ಬರಿಂದ ಆದೀತು, ಮೇಲಕ್ಕೆ ಸರಿಸುವುದು ಆಗದು. ಮನೆಯವರಲ್ಲಿ ಒಬ್ಬರು ಆಫೀಸಿಗೆ ಹೊರಡುವ ಮುಂಚೆ, ಸಂಜೆ ಬಂದ ಮೇಲೆ ಐದು ನಿಮಿಷ ಕೈಜೋಡಿಸಬೇಕೆಂದು ಮೊದಲ ದಿನವೇ ಮಾತಾಗಲಿ. ಮೂಗಿನ ನಳಿಗೆಯಿಂದ ಊಟ ಕೊಡುವ ರೋಗಿಯಾದರೆ ಈ ಕೆಲಸ ಊಟಕ್ಕೆ ಮುಂಚೆಯೇ ಮುಗಿಯಲಿ. ಊಟ ಕೊಡುವಾಗ, ಕೊಟ್ಟ ಮೇಲೆ ಒಂದು ತಾಸು ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರ ಇರಬೇಕು. ತಲೆ ಎತ್ತುವ ಮುಂಚೆ ಮೊಣಕಾಲ ಕೆಳಗೆ ದಿಂಬು ಕೊಟ್ಟರೆ ರೋಗಿ ಮತ್ತೆ ಜಾರುವುದಿಲ್ಲ.

ಎರಡು ತಾಸಿಗೊಮ್ಮೆ ಮಗ್ಗಲು ಅಂದರೆ 12 ತಾಸಿನ ಡ್ಯೂಟಿಗೆ ಆರು ಸಲ. ಮಗ್ಗಲು ಬದಲಿಸಿದ್ದನ್ನು ಆಯಾ ಬರೆಯುವ ಚಾರ್ಟಿನಲ್ಲಿ ಆರೂ ಸಾಲು ಒಂದೇ ಪೆನ್ನು, ಒಂದೇ ಓರೆಯ ಅಕ್ಷರವಾಗಿದ್ದರೆ ಸಂಜೆ ಕೂತು ತುಂಬಿದ್ದಾರೆ. ಬೈದರೆ ಮುಂದಿನ ವಾರ ಎರಡು ಪೆನ್ನು ಬರುತ್ತವೆ, ಅಷ್ಟೇ. ಚಾರ್ಟು ಬಿಟ್ಟು ಹಿಮ್ಮಡಿ, ಬೆನ್ನಿನ ಬುಡ, ಸೊಂಟದ ಪಕ್ಕ ನೋಡಿ. ಕೆಂಪಾದ ಜಾಗ ಬೆರಳಿನಿಂದ ಒತ್ತಿದಾಗಲೂ ಕೆಂಪಾಗಿಯೇ ಇದ್ದರೆ ಹುಣ್ಣು ಶುರುವಾಗಿದೆ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದು, ಬಿಸಿಯನ್ನೂ ಗಡಸುತನವನ್ನೂ ಮುಟ್ಟಿ ತಿಳಿಯಬೇಕು.

ಪಾತ್ರೆ, ರೊಟ್ಟಿ, ಮನೆಯವರ ಬಟ್ಟೆ ಯಾರ ಕೆಲಸ ಅನ್ನುವುದನ್ನು ಕನ್ನಡದಲ್ಲೇ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಹಚ್ಚಿ. ನಿಮ್ಮಲ್ಲಿ ಕೆಲಸದವರು 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಮಾಡಿಸಿ: ಪಗಾರದ ಶೇ. 0.75 ಅವರದು, ಶೇ. 3.25 ನಿಮ್ಮದು.

ಇನ್ನು ರಜೆ. ನವಲಗುಂದ, ಕುಂದಗೋಳ ಕಡೆಯಿಂದ ಬರುವ ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಹೋಗೇ ಹೋಗುತ್ತಾರೆ; ರಜೆ ಇಲ್ಲ ಅಂದರೆ ಹೇಳದೆ ಹೋಗುತ್ತಾರೆ, ಆಮೇಲೆ ನಾಚಿ ವಾಪಸ್ಸೇ ಬರುವುದಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೇ ಪಟ್ಟಿ ಮಾಡಿ, ಕೈಯಲ್ಲಿ ಹೆಚ್ಚುಕಡಿಮೆ 35 ದಿನ ಇರುತ್ತವೆ. ಬದಲಿಗೆ ಬರುವವಳು ಅಷ್ಟರೊಳಗೆ ಅರ್ಧ ದಿನ ಹಳಬಳ ಜೊತೆ ನಿಂತು ರೋಗಿಯನ್ನು ಒಮ್ಮೆ ಹೊರಳಿಸಿರಲಿ.