ಜೌಗು ಬಯಲಿನಲ್ಲಿ ನೀರನ್ನು ಎಲ್ಲಿಗೆ ನಿಲ್ಲಿಸಬೇಕು

ಜೌಗು ಬಯಲುಗಳನ್ನು ಸಾಗುವಳಿಗೆ ತರುವ ಯೋಜನೆಗಳಿಗೆ ಬಸಿಗಾಲುವೆಗಳನ್ನು ವಿನ್ಯಾಸ ಮಾಡುವುದು ನನ್ನ ಉದ್ಯೋಗ. ಹೊಸದಾಗಿ ಸೇರುವ ಎಂಜಿನಿಯರುಗಳಿಗೆ ನೀರನ್ನು ಎಷ್ಟು ಬೇಗ ಹೊರಹಾಕಬಹುದು ಎಂಬುದೇ ಚಿಂತೆ. ನೀರಿನ ಮಟ್ಟವನ್ನು ಎಲ್ಲಿಗೆ ಇಳಿಸಿ ನಿಲ್ಲಿಸುತ್ತೀರಿ ಎಂಬುದು ಅವರಿಗೆ ನಾನು ಹಾಕುವ ಮೊದಲ ಪ್ರಶ್ನೆ. ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬಿದಾಗ ಬೇರಿಗೆ ಉಸಿರಾಡಲು ಆಮ್ಲಜನಕ ಸಿಗುವುದಿಲ್ಲ, ಹಾಕಿದ ಸಾರಜನಕದ ಒಂದು ಪಾಲು ಅನಿಲವಾಗಿ ಹಾರಿಹೋಗುತ್ತದೆ. ನೀರಿನ ಮಟ್ಟ ನೆಲದಿಂದ ಅರ್ಧ ಮೀಟರಿನಿಂದ ಒಂದು ಮೀಟರಿನಷ್ಟು ಕೆಳಗಿಳಿದರೆ ಹೆಚ್ಚಿನ ಬೆಳೆಗಳಿಗೆ ಅಷ್ಟೇ ಸಾಕು. ಅದಕ್ಕಿಂತ ಆಳಕ್ಕೆ ಇಳಿಸುವುದು ಹಲವು ಕಡೆ ದುಡ್ಡು ಕೊಟ್ಟು ಕಷ್ಟ ತಂದುಕೊಳ್ಳುವ ಕೆಲಸ.

ಲೆಕ್ಕ ಶುರುವಾಗಬೇಕಾದದ್ದು ಹೊಲದಲ್ಲಿ ಅಲ್ಲ, ಬಸಿಗಾಲುವೆಯ ನೀರು ನದಿಯನ್ನೋ ಸಮುದ್ರವನ್ನೋ ಸೇರುವ ಬಾಯಿಯಲ್ಲಿ. ನದಿಯ ತಳ ಎಷ್ಟು ಕೆಳಗಿದೆ ಎಂಬುದು ಅಲ್ಲಿ ಹೆಚ್ಚಿನ ಪ್ರಯೋಜನಕ್ಕೆ ಬರುವುದಿಲ್ಲ. ಮಳೆ ಜೋರಾಗಿರುವ ದಿನಗಳಲ್ಲಿ ಅದರ ನೀರು ಎಷ್ಟು ಎತ್ತರಕ್ಕೆ ಬರುತ್ತದೆ, ಎಷ್ಟು ದಿನ ಹಾಗೆಯೇ ನಿಲ್ಲುತ್ತದೆ ಎಂಬುದು ಮುಖ್ಯ. ಹೊರಗಿನ ನೀರು ಏರಿದಾಗ ತಾನಾಗಿಯೇ ಮುಚ್ಚಿಕೊಳ್ಳುವ ಬಾಗಿಲು ಹಿಮ್ಮುಖ ಹರಿವನ್ನು ತಡೆಯುತ್ತದೆ, ನಿಜ. ಆದರೆ ಬಾಗಿಲು ಮುಚ್ಚಿರುವಷ್ಟು ಹೊತ್ತು ಒಳಗಿನ ಮಳೆನೀರಿಗೆ ಕಾಲುವೆಯಲ್ಲೇ ಜಾಗ ಇರಬೇಕು, ಇಲ್ಲವೇ ಪಂಪು ಬೇಕು. ಬಯಲು ಎಂದ ಮೇಲೆ ಇಳಿಜಾರು ಸಿಗುವುದೇ ಅಪರೂಪ, ಕಿಲೋಮೀಟರಿಗೆ 10–20 ಸೆಂಟಿಮೀಟರ್ ಸಿಕ್ಕರೆ ಅದೇ ಪುಣ್ಯ.

ಹೊಲದೊಳಗಿನ ಕಾಲುವೆಗಳ ನಡುವಿನ ಅಂತರವನ್ನು ಮಣ್ಣು ನಿರ್ಧರಿಸುತ್ತದೆ, ಮಣ್ಣನ್ನು ಕೇಳುವ ಸರಳ ವಿಧಾನವೆಂದರೆ ಕೊರೆಗುಂಡಿ ಪರೀಕ್ಷೆ. ಕೈಬೈರಿಗೆಯಿಂದ ಸುಮಾರು 8 ಸೆಂಟಿಮೀಟರ್ ಅಗಲದ, ನೀರಿನ ಮಟ್ಟಕ್ಕಿಂತ ಸಾಕಷ್ಟು ಕೆಳಗಿಳಿಯುವ ಗುಂಡಿಯನ್ನು ಕೊರೆದು, ನೀರು ತನ್ನ ಮಟ್ಟಕ್ಕೆ ಬಂದು ನಿಲ್ಲುವವರೆಗೆ ಕಾಯುತ್ತೇವೆ. ಆಮೇಲೆ ಆ ನೀರನ್ನು ಎತ್ತಿ ಚೆಲ್ಲಿ, ಟೇಪಿಗೆ ಕಟ್ಟಿದ ತೇಲುಬಿರಡೆ ಕೆಲವು ಸೆಕೆಂಡುಗಳಿಗೊಮ್ಮೆ ಎಷ್ಟು ಮೇಲೇರಿತು ಎಂದು ಒಬ್ಬರು ಕೂಗುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ತೆಗೆದ ನೀರಿನ ಕಾಲು ಭಾಗ ಮರಳಿ ತುಂಬುವ ಮೊದಲೇ ಅಳತೆ ನಿಲ್ಲಿಸಬೇಕು, ಅದರಾಚೆಗಿನ ಅಂಕಿಗಳು, ನೀರು ಏರುವ ವೇಗದಿಂದ ಮಣ್ಣು ನೀರು ಬಿಟ್ಟುಕೊಡುವ ಗುಣವನ್ನು ಲೆಕ್ಕಹಾಕುವ ಸೂತ್ರಕ್ಕೆ ಒಗ್ಗುವುದಿಲ್ಲ. ಹಳೆಯ ಬೇರು ಕೊಳೆತು ಉಳಿದ ಒಂದು ಕೊಳವೆಯಂಥ ಸಂದು ಸಿಕ್ಕರೂ ಸಾಕು, ಪಕ್ಕಪಕ್ಕದ ಎರಡು ಗುಂಡಿಗಳು ಬೇರೆಬೇರೆ ಲೋಕದವು ಎನಿಸುವಷ್ಟು ವ್ಯತ್ಯಾಸ ಬರುತ್ತದೆ. ಹಾಗಾಗಿ ಗುಂಡಿಗಳ ಸಂಖ್ಯೆಯಲ್ಲಿ ಜಿಪುಣತನ ಸಲ್ಲದು. ಕಾಲುವೆಗಳ ಅಂತರ ಲೆಕ್ಕಹಾಕಲು ನಾವು ಬಳಸುವ ಹೂಘೌಟ್ ಸೂತ್ರದ ಪ್ರಕಾರ ಈ ಗುಣ ನಾಲ್ಕು ಪಟ್ಟಾದರೆ ಅಂತರ ಸುಮಾರು ಎರಡು ಪಟ್ಟಾಗುತ್ತದೆ, ಅಷ್ಟೇ.

ಮಟ್ಟವನ್ನು ಬೇಕಾಬಿಟ್ಟಿ ಇಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಫೆನ್ ಬಯಲು ದೊಡ್ಡ ಪಾಠಶಾಲೆ. 17ನೇ ಶತಮಾನದಲ್ಲಿ ಡಚ್ ಎಂಜಿನಿಯರ್ ಕಾರ್ನೆಲಿಯಸ್ ವರ್ಮುಯ್ಡೆನ್ ಅಲ್ಲಿ ನೇರವಾದ ಹೊಸ ನದಿಗಳನ್ನೇ ತೋಡಿಸಿದ. ನೀರು ಇಳಿದದ್ದೇ ತಡ, ಕೊಳೆತ ಸಸ್ಯಗಳಿಂದಾದ ಪೀಟ್ ಮಣ್ಣು ಕುಗ್ಗಿತು, ಗಾಳಿ ತಾಗಿ ಕರಗುತ್ತಲೂ ಹೋಯಿತು. ಹೊಲಗಳು ನದಿಗಿಂತ ಕೆಳಗಾದವು, ನೀರೆತ್ತಲು ಗಾಳಿಯಂತ್ರ ಬಂತು, ಅದೂ ಸಾಲದೆ ಉಗಿಯಂತ್ರ ಬಂತು, ನಂತರ ಡೀಸೆಲ್ ಮತ್ತು ವಿದ್ಯುತ್ ಪಂಪು. 1850ರ ಸುಮಾರಿಗೆ ಹೋಮ್ ಎಂಬಲ್ಲಿ ತುದಿ ನೆಲಕ್ಕೆ ಸಮವಾಗುವಂತೆ ಹೂತ ಕಬ್ಬಿಣದ ಕಂಬವೊಂದು ಈಗ ಸುಮಾರು 4 ಮೀಟರ್ ಹೊರಗೆ ನಿಂತಿದೆ. ಕಂಬ ಅಲ್ಲೇ ಇದೆ, ಇಳಿದದ್ದು ನೆಲ.

ಕರಾವಳಿಯ ಜೌಗಿನಲ್ಲಿ ಅಪಾಯ ಬೇರೆ ಬಗೆಯದು. ಬೂದುನೀಲಿ ಬಣ್ಣದ ಆ ಮಣ್ಣಿನಲ್ಲಿರುವ ಪೈರೈಟ್, ಎಂದರೆ ಕಬ್ಬಿಣ ಮತ್ತು ಗಂಧಕದ ಸಂಯುಕ್ತ, ನೀರಿನಡಿ ಇರುವಷ್ಟು ಕಾಲ ತೆಪ್ಪಗಿರುತ್ತದೆ. ಗಾಳಿ ತಾಗಿದರೆ ಗಂಧಕಾಮ್ಲವಾಗುತ್ತದೆ, ಪಿಎಚ್ 4ಕ್ಕಿಂತ ಕೆಳಗೆ ಬಿದ್ದು ಬೆಳೆಯೂ ಕಾಲುವೆಯ ಮೀನೂ ಸಾಯುತ್ತವೆ. ಹಿಡಿ ಮಣ್ಣಿಗೆ ಹೈಡ್ರೋಜನ್ ಪೆರಾಕ್ಸೈಡ್ ಹನಿಸಿದಾಗ ಅದು ನೊರೆಯುಕ್ಕಿ ಬಿಸಿಯಾದರೆ, ಪಿಎಚ್ ಕೂಡ ದಡಕ್ಕನೆ ಕುಸಿದರೆ, ನಾನು ಆ ಪದರದ ಆಳವನ್ನು ನಕ್ಷೆಯಲ್ಲಿ ಕೆಂಪು ಗೆರೆಯಾಗಿ ಎಳೆದು ಕಾಲುವೆಯ ತಳವನ್ನು ಅದರ ಮೇಲೆಯೇ ನಿಲ್ಲಿಸುತ್ತೇನೆ. ಆಳ ಕಡಿಮೆಯಾದಷ್ಟೂ ಕಾಲುವೆಗಳು ಹತ್ತಿರ ಹತ್ತಿರ ಬರಬೇಕಾಗುತ್ತದೆ, ಅಷ್ಟು ನೆಲವೂ ನಷ್ಟ. ಆದರೂ ಈ ವಿಷಯದಲ್ಲಿ ನಾನು ಚೌಕಾಶಿಗೆ ಒಪ್ಪುವುದಿಲ್ಲ.

ಇದೇ ಕಾರಣಕ್ಕೆ ನನ್ನ ನಕ್ಷೆಗಳಲ್ಲಿ ಪ್ರತಿ ಉಪಕಾಲುವೆಯ ತುದಿಗೂ ಹಲಗೆ ಇಳಿಸುವ ತೂಬು ಇರುತ್ತದೆ. ಮಳೆಗಾಲದಲ್ಲಿ ಹಲಗೆ ತೆಗೆಯುತ್ತಾರೆ, ಮಳೆ ನಿಂತ ಮೇಲೆ ಒಂದೊಂದಾಗಿ ಇಳಿಸಿ ಉಳಿದ ನೀರನ್ನು ಹಿಡಿದಿಡುತ್ತಾರೆ. ತಗ್ಗಿನ ಹೊಲದವರಿಗೆ ಹಲಗೆ ಬೇಡ, ಎತ್ತರದವರಿಗೆ ಇನ್ನೊಂದು ಬೇಕು. ಆದ್ದರಿಂದ ಯಾವ ತಿಂಗಳಲ್ಲಿ ಎಷ್ಟು ಹಲಗೆ, ತೆಗೆದು ಹಾಕುವ ಅಧಿಕಾರ ಯಾರಿಗೆ ಎಂಬುದನ್ನು ಅಗೆಯುವ ಯಂತ್ರ ಬಯಲಿಗೆ ಇಳಿಯುವ ಮೊದಲೇ ಎರಡೂ ಕಡೆಯವರಿಂದ ಬರೆಸಿ ಸಹಿ ಹಾಕಿಸಿಕೊಳ್ಳುತ್ತೇನೆ.